ಮಾರ್ಚಿಗಾಗಿ ಕಾದ ಬ್ಯಾಟರಿ

ಅಕ್ಟೋಬರ್ ಕೊನೆಯ ವಾರದಲ್ಲಿ ಊರಿನ ಅರ್ಧದಷ್ಟು ನಿವೃತ್ತರು ಒಳಗೇ ವಾಸ ಮಾಡಬಹುದಾದ ತಮ್ಮ ತಮ್ಮ ಮೋಟರ್‌ಹೋಮ್‌ ಗಾಡಿಗಳಿಗೆ ಸಾಮಾನು ತುಂಬಿಕೊಂಡು ಚಳಿ ತಪ್ಪಿಸಿಕೊಳ್ಳಲು ದಕ್ಷಿಣದ ಮರಳುಗಾಡು ಅರಿಜೋನಾಕ್ಕೆ ಹೊರಟುಹೋದರು. ಮಾರ್ವಿನ್ ಪ್ರೋಕೋಪ್ ಮತ್ತು ಅವನ ಹೆಂಡತಿ ಐರಿಸ್ ಹೊರಡುವಾಗ ಕೊವಾಲ್ ಅವರ ಮನೆಯ ಮುಂದೆ ನಿಧಾನಿಸಿ ಎರಡು ಸಲ ಹಾರ್ನ್ ಹೊಡೆದರು. ಮೈರನ್ ಕೊವಾಲ್ ಅಡುಗೆಮನೆಯ ಕಿಟಕಿಯ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದವನು ಅಲ್ಲಾಡಲಿಲ್ಲ.

"ಕೈ ಎತ್ತಬಾರ್ದಾ? ಪಾಪ, ಅವ್ರೇನ್ ಮಾಡಿದ್ರು ನಿಂಗೆ?" ಎಂದಳು ಹೆಂಡತಿ ಡೆಲ್ಫೀನ್.

"ಕೈಯಲ್ಲಿ ಲೋಟ ಇತ್ತು."

"ಇನ್ನೊಂದು ಕೈ?"

"ಅದು ಜೇಬಲ್ಲಿತ್ತು."

ಹನ್ನೊಂದು ವರ್ಷ ತಪ್ಪದೆ ಅವರೂ ಪ್ರೋಕೋಪ್‌ಗಳ ಬೆನ್ನಿಗೇ ಹೊರಟವರು. ಸಾಸ್ಕಾಚೆವಾನಿನ ಚಳಿಗಾಲ ಹೇಗಿರುತ್ತದೆ ಎಂಬುದನ್ನು ಅವರು ಬರಬರುತ್ತ ಮರೆತೇಬಿಟ್ಟಿದ್ದರು. ಈ ವರ್ಷ ಆಗಸ್ಟ್‌ನಲ್ಲಿ ಮೈರನ್‌ಗೆ ಎದೆನೋವು ಕಾಣಿಸಿಕೊಂಡು ಹೃದಯದ ನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಅದಾದ ಮೇಲೆ ವಿಮೆಯವರು ಕೈ ಎತ್ತಿದರು. ವಿಮೆಯಿಲ್ಲದೆ ಗಡಿ ದಾಟಿ ಅಮೆರಿಕಾದ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಿದ್ದರೆ ಮನೆ ಮಾರಬೇಕಾಗುತ್ತದೆಂಬುದು ಊರಿನ ಎಲ್ಲರಿಗೂ ಗೊತ್ತು. ವಿಮೆ ಕಂಪನಿಯಿಂದ ಫೋನಿನಲ್ಲಿ ಮಾತಾಡಿದ ಹೆಂಗಸು ಮಾತ್ರ ಮೆತ್ತಗೆ ಒಂದು ಆಸೆ ಹುಟ್ಟಿಸಿದ್ದಳು. ಆರು ತಿಂಗಳು ಹೊಸ ನೋವು, ಹೊಸ ಮಾತ್ರೆ, ಆಸ್ಪತ್ರೆಯ ಭೇಟಿ ಯಾವುದೂ ಇಲ್ಲದೆ ಕಳೆದರೆ ಇನ್ನೊಮ್ಮೆ ಕೇಳಿನೋಡಿ ಎಂದಿದ್ದಳು. ಅಂದರೆ ಫೆಬ್ರವರಿ ಮುಗಿಯಬೇಕು. ಮಾರ್ಚ್‌ನಲ್ಲಿ ಹೊರಟರೆ ಆರು ವಾರವಾದರೂ ಬಿಸಿಲು ಸಿಗುತ್ತದೆ. ಆವತ್ತಿನಿಂದ ಮೈರನ್‌ನ ಪಾಲಿಗೆ ವರ್ಷದಲ್ಲಿ ಉಳಿದದ್ದು ಒಂದೇ ತಿಂಗಳು, ಮಾರ್ಚ್.

ತೊಂದರೆಯೆಂದರೆ, ಮೋಟರ್‌ಹೋಮನ್ನು ಚಳಿಗಾಲದಲ್ಲಿ ಊರಿನಲ್ಲಿಟ್ಟುಕೊಳ್ಳುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಗರಾಜಿನ ಪಕ್ಕದಲ್ಲಿ ನಿಂತ ಆ ಉದ್ದನೆಯ ಗಾಡಿಯ ನೀರಿನ ಕೊಳವೆಗಳಿಗೆ ಚಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಿಸಿದರು, ಇಲಿ ನುಗ್ಗದಂತೆ ಸಂದುಗಳಿಗೆಲ್ಲ ಉಕ್ಕಿನ ನಾರು ತುರುಕಿದರು. ಕೊನೆಗೆ ಉಳಿದದ್ದು ಬ್ಯಾಟರಿ. ದೀಪ, ಪಂಪು, ಹೀಟರಿನ ಫ್ಯಾನು ಎಲ್ಲ ನಡೆಯುವುದು ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿದ್ದ ಆ ಎರಡು ಬ್ಯಾಟರಿಗಳಿಂದ.

ಮಾರ್ವಿನ್ ಅರಿಜೋನಾ ತಲುಪುವ ಮೊದಲೇ ದಾರಿಯಿಂದ ಫೋನ್ ಮಾಡಿ ಬುದ್ಧಿ ಹೇಳಿದ. "ಬಿಚ್ಚಿ ಒಳಗೆ ತಗೊಂಡ್ ಹೋಗಯ್ಯ. ನೆಲಮಾಳಿಗೇಲಿ ಒಂದ್ ಹಲಗೆ ಮೇಲೆ ಇಡು. ತಿಂಗಳಿಗೊಂದ್ಸಲ ಚಾರ್ಜ್ ಮಾಡು. ಮುಗೀತು, ಮಲಗು."

ಮೈರನ್ ಫೋನಿಟ್ಟವನೇ, "ಬಿಚ್ಚಲ್ಲ," ಎಂದ.

"ಯಾಕೆ?" ಎಂದಳು ಡೆಲ್ಫೀನ್. "ಭಾರ ಎತ್ತಬಾರ್ದು ಅಂತ ಡಾಕ್ಟ್ರು ಹೇಳಿದಾರೆ, ಗೊತ್ತು. ನಾನ್ ಎತ್ತಿಡ್ತೀನಿ. ದಪ್ಪ ದಪ್ಪ ಕೋಟು ಹಾಕ್ಕೊಂಡು ರಚ್ಚೆ ಹಿಡಿದಿರೋ ಹುಡುಗ್ರನ್ನೇ ಎತ್ತಿ ಶಾಲಾ ಬಸ್ಸಿಗೆ ಹಾಕಿದೀನಿ, ಬ್ಯಾಟರಿ ಏನ್ ಮಹಾ."

"ಭಾರದ ಮಾತಲ್ಲ. ಬಿಚ್ಚಿಟ್ರೆ ಗಾಡಿ ಸತ್ತ ಹಾಗೆ. ನಂಗೆ ಸ್ವಿಚ್ ಹಾಕಿದ್ರೆ ದೀಪ ಹತ್ತಬೇಕು. ನಾಳೆ ಹೊರಡು ಅಂದ್ರೆ ನಾಳೆ ಹೊರಡೋ ಹಾಗಿರಬೇಕು."

ಹಾಗಾಗಿ ಬ್ಯಾಟರಿ ಗಾಡಿಯಲ್ಲೇ ಉಳಿಯಿತು. ಅವನು ಅದರ ತುದಿಗಳನ್ನು ಅಡುಗೆ ಸೋಡಾ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ, ಒಳಗೆ ಬಟ್ಟಿ ಇಳಿಸಿದ ನೀರು ಹನಿಸಿದ, ಗರಾಜಿನಿಂದ ಹಳದಿ ವೈರು ಎಳೆದು ಒಂದು ಸಣ್ಣ ಚಾರ್ಜರಿಗೆ ಸಿಕ್ಕಿಸಿದ. ಹಸಿರು ದೀಪ ಹತ್ತಿತು.

"ನೋಡು, ತುಂಬಿರೋ ಬ್ಯಾಟರಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ ಹೋದ್ರೂ ಹೆಪ್ಪುಗಟ್ಟಲ್ಲ," ಎಂದು ಅವಳಿಗೆ ಪಾಠ ಹೇಳಿದ. "ಖಾಲಿಯಾದ್ರೆ ಮಾತ್ರ ಬರೀ ನೀರು. ಕಲ್ಲಾಗಿ ಹೊಟ್ಟೆ ಒಡ್ಕೊಳ್ಳುತ್ತೆ. ಹೆಪ್ಪುಗಟ್ಟಿದ್ದಕ್ಕೆ ಕರೆಂಟ್ ಕೊಟ್ಯೋ, ಮುಖಕ್ಕೇ ಸಿಡಿಯುತ್ತೆ."

"ಸರಿ ಮೇಷ್ಟ್ರೆ."

ನವೆಂಬರ್ ಮೊದಲ ವಾರ ಹಿಮ ಬಿದ್ದು ನೆಲದಲ್ಲಿ ಕೂತಿತು. ಮೈರನ್‌ಗೆ ಮನೆಯೊಳಗೆ ಕಾಲು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದವನು ಬೂಟು ತುರುಕಿಕೊಂಡು ಗಾಡಿಯ ಹತ್ತಿರ ಹೋಗುವನು. ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿ ನೋಡಿ ವಾಪಸು ಬರುವನು. ತಿಂಡಿಯಾದ ಮೇಲೆ ಮತ್ತೆ ಹೋಗುವನು. ಟೀವಿಯಲ್ಲಿ ಐಸ್ ಹಾಕಿ ಪಂದ್ಯದ ವಿರಾಮ ಬಂದರೆ ಮತ್ತೆ. ಹೋಗಿ ಬಂದಾಗಲೆಲ್ಲ ಬಾಗಿಲಿನಿಂದ ಒಂದು ಉಸಿರು ಚಳಿ ಒಳಗೆ ನುಗ್ಗುತ್ತಿತ್ತು. ಬೂಟಿನ ಹಿಮ ಕರಗಿ ಅಡುಗೆಮನೆಯ ನೆಲದ ಮೇಲೆ ಸಣ್ಣ ಸಣ್ಣ ಕೆರೆಗಳಾಗುತ್ತಿದ್ದವು.

"ನನ್ ನಾಡಿ ಒಂದಿನ ಹೀಗ್ ಹಿಡಿದು ನೋಡಿದ್ಯಾ ನೀನು?" ಎಂದು ಅವಳು ನೆಲ ಒರೆಸುತ್ತ ಕೇಳಿದಳು.

"ನಿಂದು ಯಾವತ್ತೂ ಹದಿಮೂರು ವೋಲ್ಟಿನ ಮೇಲೇ ಇರುತ್ತೆ ಬಿಡು."

ಮೇಲ್ನೋಟಕ್ಕೆ ಚಡಪಡಿಕೆ ಅವನೊಬ್ಬನದೇ ಎಂಬಂತಿತ್ತು. ಡೆಲ್ಫೀನ್‌ಳ ಸ್ಥಿತಿಯೂ ಅಷ್ಟೇನು ಬೇರೆಯಿರಲಿಲ್ಲ. ಒರೆಸಿದ ಕಪಾಟನ್ನೇ ಮತ್ತೆ ಒರೆಸಿದಳು. ಒಂದು ದಿನ ಮಧ್ಯಾಹ್ನ ಯಾವ ಕೆಲಸವೂ ಇಲ್ಲದೆ ಕಾರು ಹತ್ತಿ, ಧಾನ್ಯದ ಗೋದಾಮು ದಾಟಿ, ಸ್ಮಶಾನದವರೆಗೆ ಹೋಗಿ ತಿರುಗಿ ಬಂದಳು. ಆ ಹತ್ತು ನಿಮಿಷ ಮಾತ್ರ ಅವಳ ಎದೆಯೊಳಗೆ ಓಡಾಡುತ್ತಿದ್ದ ಇರುವೆಗಳು ಸುಮ್ಮನಾಗಿದ್ದವು.

ಅದೇ ವಾರ ಬರ್ನಡೆಟ್ ಫೋನ್ ಮಾಡಿದಳು. ಶಾಲಾ ಬಸ್ಸುಗಳ ಉಸ್ತುವಾರಿ ಅವಳದು. ಡೆಲ್ಫೀನ್ ಇಪ್ಪತ್ತನಾಲ್ಕು ವರ್ಷ ಅವಳ ಕೈಕೆಳಗೆ ಬಸ್ಸು ಓಡಿಸಿದವಳು.

"ಈ ವರ್ಷ ಊರಲ್ಲೇ ಇದೀಯಂತೆ. ಉತ್ತರದ ದಾರಿಗೆ ಡ್ರೈವರ್ ಇಲ್ಲ ಕಣೆ. ನಾನೇ ಓಡಿಸ್ತಾ ಇದೀನಿ, ನನ್ ಸೊಂಟ ಬಿದ್ದೋಗಿದೆ. ಬರ್ತೀಯಾ?"

ಅವಳು ಮೈರನ್‌ನನ್ನು ಕೇಳುವ ಮೊದಲೇ ಹ್ಞೂಂ ಅಂದುಬಿಟ್ಟಳು. ಆಮೇಲೆ ಹೇಳಿದಾಗ ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

"ನಾವ್ ನಿವೃತ್ತರು ಅನ್ಕೊಂಡಿದ್ದೆ," ಎಂದ.

"ನಾಲ್ಕು ಗಂಟೆಗೆಲ್ಲ ಮನೇಲಿರ್ತೀನಿ."

"ಆ ಹಳದಿ ಡಬ್ಬೀನೂ ಇಲ್ಲೇ ತಂದು ನಿಲ್ಲಿಸ್ತೀಯಾ?"

"ಎಲ್ಲ ಡ್ರೈವರುಗಳೂ ಮನೇಲೇ ನಿಲ್ಲಿಸ್ಕೊಳ್ಳೋದು. ಇಷ್ಟಗಲ ಅಂಗಳ ಇದೆಯಲ್ಲ."

ಬಸ್ಸು ಬಂತು. ರಾತ್ರಿ ಎಂಜಿನ್ ಮರಗಟ್ಟದಂತೆ ಬೆಚ್ಚಗಿಡುವ ಹೀಟರಿನ ವೈರನ್ನು ಅವಳು ಗರಾಜಿನ ಪ್ಲಗ್ಗಿಗೇ ಹಾಕಿದಳು. ಅವರ ಕಾರಿನ ಹೀಟರಿನದೂ ಗಾಡಿಯ ಚಾರ್ಜರಿನದೂ ಅದೇ ಕರೆಂಟ್ ಲೈನಿನಲ್ಲಿ ಇದ್ದವು. ಬೆಳಗಿನ ಕತ್ತಲಲ್ಲಿ ಜಲ್ಲಿ ರಸ್ತೆಗಳ ಮೇಲೆ ಒಂದೊಂದೇ ತೋಟದ ಮನೆಯ ಮುಂದೆ ನಿಂತು, ಮೂಗು ಸೋರುವ ಮಕ್ಕಳನ್ನು ಹತ್ತಿಸಿಕೊಂಡು ಹೋಗುವಾಗ ಅವಳಿಗೆ ಅರಿಜೋನಾದ ನೆನಪು ಬರುತ್ತಿರಲಿಲ್ಲ. ಅದು ತನಗೇ ವಿಚಿತ್ರವೆನಿಸಿತು. ಬೇಕಾಗಿದ್ದದ್ದು ಬಿಸಿಲೋ, ಬರೀ ಓಡುವ ರಸ್ತೆಯೋ? ಈ ಪ್ರಶ್ನೆಯನ್ನು ಅವಳು ಮನೆಯೊಳಗೆ ತರುತ್ತಿರಲಿಲ್ಲ.

ಜನವರಿ ಆರರಂದು, ಉಕ್ರೇನಿನವರ ಕ್ರಿಸ್‌ಮಸ್ ಹಿಂದಿನ ಸಂಜೆ, ಅದು ಬಾಯಿಗೆ ಬಂದೇಬಿಟ್ಟಿತು. ಡೆಲ್ಫೀನ್ ಫ್ರೆಂಚರ ಮನೆಯ ಮಗಳಾದರೂ ಮದುವೆಯಾದಂದಿನಿಂದ ಉಕ್ರೇನಿನವರಾದ ಅತ್ತೆ ಕಲಿಸಿದಂತೆ ಆ ಹಬ್ಬದ ಅಡುಗೆ ಮಾಡುತ್ತಿದ್ದಳು. ಜೇನು, ಗಸಗಸೆ ಹಾಕಿದ ಬೇಯಿಸಿದ ಗೋಧಿ, ಎಲೆಕೋಸಿನಲ್ಲಿ ಸುತ್ತಿದ ಅನ್ನ, ಬೀಟ್‌ರೂಟಿನ ಸಾರು. ಊಟದ ನಡುವೆ ಮಾರ್ವಿನ್ ಫೋನಿನ ಪರದೆಯ ಮೇಲೆ ಅರ್ಧ ತೋಳಿನ ಅಂಗಿಯಲ್ಲಿ ಪ್ರತ್ಯಕ್ಷನಾದ. ಬೆನ್ನ ಹಿಂದೆ ನಿಂಬೆಗಿಡ.

"ಬ್ಯಾಟರಿ ಹೇಗಿದೆಯಯ್ಯಾ?"

"ನಿನಗಿಂತ ಚೆನ್ನಾಗಿದೆ," ಎಂದ ಮೈರನ್. ಫೋನು ಇಟ್ಟ ಮೇಲೆ ಅವನ ಮುಖ ಅರಳಿತ್ತು. "ಫೆಬ್ರವರಿ ಮುಗಿದ ಮಾರನೇ ಬೆಳಿಗ್ಗೆ ಹೊರಡೋದು. ಮೊದಲ ದಿನವೇ ಗಡಿ ದಾಟಿ ಎಷ್ಟು ಆಗುತ್ತೋ ಅಷ್ಟು ದಕ್ಷಿಣಕ್ಕೆ ಹೋಗ್ಬಿಡೋಣ."

ಡೆಲ್ಫೀನ್ ಚಮಚ ಕೆಳಗಿಟ್ಟಳು. "ಈಸ್ಟರ್‌ವರೆಗೂ ಬರ್ತೀನಿ ಅಂತ ಬರ್ನಡೆಟ್‌ಗೆ ಮಾತ್ ಕೊಟ್ಟಿದೀನಿ."

ಮೈರನ್ ತಟ್ಟೆ ಸರಿಸಿದ. "ಯಾವಾಗ?"

"ಹೋದ ವಾರ. ಮಕ್ಕಳನ್ನ ಅರ್ಧದಲ್ಲಿ ಬಿಟ್ಟು... ನೀನ್ ವಿಮೆಯವರ ಹತ್ರ ಮಾತಾಡು, ಅವ್ರು ಒಪ್ಪಿದ್ರೆ ಆಗ ನೋಡೋಣ ಅನ್ಕೊಂಡೆ."

"ಓಹೋ. ಅವ್ರು ಒಪ್ಪಲ್ಲ ಅಂತ ನೀನಾಗ್ಲೇ ತೀರ್ಮಾನ ಮಾಡಿದೀಯ."

"ಹಾಗಂದ್ನಾ ನಾನು?"

"ನಾನಿಲ್ಲಿ ದಿನಾ ಮೀಟರ್ ಹಿಡ್ಕೊಂಡು ಕೋತಿ ಥರ ಒಳಗೂ ಹೊರಗೂ ಓಡಾಡ್ತಿದೀನಿ. ನೀನು ನಿನ್ ರಸ್ತೆ ಹುಡ್ಕೊಂಡಿದೀಯ. ಚೆನ್ನಾಗಿದೆ." ಅವನು ಕುರ್ಚಿ ಹಿಂದೆ ತಳ್ಳಿ ಎದ್ದ. "ಇನ್ಮೇಲೆ ಬ್ಯಾಟರೀನೂ ನೀನೇ ನೋಡ್ಕೋ. ಇಲ್ಲ, ಬಿಡು. ಯಾರೂ ನೋಡೋದ್ ಬೇಡ."

ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನದಿಂದ ಬೂಟು ಬಾಗಿಲ ಪಕ್ಕದಲ್ಲಿ ಒಣಗಿಕೊಂಡೇ ಬಿದ್ದಿತ್ತು. ಮನೆಯೊಳಗೆ ಕಿಟಕಿಯಿಂದ ಕಿಟಕಿಗೆ ನಡೆದಾಡುತ್ತಿದ್ದನೇ ಹೊರತು ಗಾಡಿಯ ಕಡೆ ಮುಖ ಹಾಕಲಿಲ್ಲ. ನೆಲ ಒರೆಸುವ ಕೆಲಸ ತಪ್ಪಿತೆಂದು ಡೆಲ್ಫೀನ್‌ಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಆ ಹೊತ್ತಿಗೇ ದೊಡ್ಡ ಚಳಿ ಬಂದು ಕೂತಿತು. ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಹೆಪ್ಪುಗಟ್ಟಿ ಟಪ್ಪೆನ್ನುವಂಥ ಚಳಿ. ಒಂದು ಬೆಳಿಗ್ಗೆ ಬಸ್ಸಿನ ಎಂಜಿನ್ ನರಳಿ ನರಳಿ ಎದ್ದಿತು. ನೋಡಿದರೆ ಗರಾಜಿನ ಪ್ಲಗ್ಗಿನಲ್ಲಿ ಕರೆಂಟೇ ಇಲ್ಲ. ಮಕ್ಕಳು ರಸ್ತೆಬದಿಯಲ್ಲಿ ಕಾಯುತ್ತಿರುತ್ತಾರೆಂಬ ಗಡಿಬಿಡಿಯಲ್ಲಿ ಅವಳು ಹೊರಟುಬಿಟ್ಟಳು. ಸಂಜೆ ಬಂದವಳು ಬಸ್ಸಿನ ವೈರನ್ನು ಮನೆಯ ಹಿತ್ತಲ ಪ್ಲಗ್ಗಿಗೆ ಬದಲಾಯಿಸಿದಳು. ಅಲ್ಲಿಗೆ ಬಸ್ಸಿನ ಪ್ರಶ್ನೆ ಬಗೆಹರಿಯಿತು. ಭಾರ ಹೆಚ್ಚಾಗಿ ಗರಾಜಿನ ಲೈನೇ ಟ್ರಿಪ್ ಆಗಿ ನಿಂತಿದೆ, ಅದೇ ಲೈನಿನಲ್ಲಿ ಇನ್ನೇನೇನು ಇದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಗಾಡಿಯಲ್ಲಿ ಅನಿಲ ಸೋರಿದರೆ ಕೂಗುವ ಸಣ್ಣ ಯಂತ್ರವೊಂದು ಹಗಲೂ ರಾತ್ರಿ ಎಚ್ಚರವಾಗಿರುತ್ತದೆ. ಚಾರ್ಜರ್ ಸತ್ತ ಮೇಲೂ ಅದು ತನ್ನ ಪಾಡಿಗೆ ಬ್ಯಾಟರಿಯನ್ನು ಹೀರುತ್ತಿತ್ತು.

ಜನವರಿ ಕೊನೆಯಲ್ಲಿ ಒಂದು ಸಂಜೆ ಡೆಲ್ಫೀನ್ ಕೊನೆಯ ಮಗುವನ್ನು ಇಳಿಸಿ ಮನೆಗೆ ಬಂದಳು. ಹಿತ್ತಲ ಬಾಗಿಲು ಹಾರುಹೊಡೆದಿತ್ತು. ಒಳಗಿನ ಬಿಸಿ ಗಾಳಿ ಹೊರಗೆ ಬಂದು ಬಿಳಿ ಹೊಗೆಯಾಗಿ ಮೇಲೇರುತ್ತಿತ್ತು. ಗಾಡಿಯಿಂದ ಬಾಗಿಲವರೆಗೆ ಹಿಮದಲ್ಲಿ ಏನನ್ನೋ ಎಳೆದ ಗುರುತು. ಅವಳು ಬಸ್ಸಿನ ಎಂಜಿನ್ ಆರಿಸದೆಯೇ ಇಳಿದು ಓಡಿದಳು.

ಮೈರನ್ ನೆಲಮಾಳಿಗೆಯ ಮೆಟ್ಟಿಲಿನ ಮೇಲೆ ಕೂತಿದ್ದ. ಕೋಟಿನ ಗುಂಡಿ ಬಿಚ್ಚಿತ್ತು. ಆ ಚಳಿಯಲ್ಲೂ ಹಣೆಯ ಮೇಲೆ ಬೆವರು. ಅವನ ಕಾಲ ಕೆಳಗಿನ ಮೆಟ್ಟಿಲ ಮೇಲೆ ಒಂದು ಬ್ಯಾಟರಿ ಓರೆಯಾಗಿ ನಿಂತಿತ್ತು. ಅದರ ಪಕ್ಕೆ ಊದಿ, ನಡುವೆ ಒಂದು ಸೀಳು ಬಿಟ್ಟಿತ್ತು. ಸೀಳಿನೊಳಗೆ ಮಂಜುಗಡ್ಡೆ ಹೊಳೆಯುತ್ತಿತ್ತು.

"ಏನಾಯ್ತೋ?"

"ಏನಿಲ್ಲ. ಸುಮ್ನೆ ಕೂತೆ."

"ನೀನ್ ಎತ್ಕೊಂಡ್ ಬಂದ್ಯಾ ಇದನ್ನ? ಒಬ್ನೇ?"

"ಮನಸ್ಸು ತಡೀಲಿಲ್ಲ, ಹೋಗ್ ನೋಡ್ದೆ. ಬಾಗಿಲವರೆಗೂ ಜಾರುಬಂಡೀಲಿ ಎಳ್ಕೊಂಡ್ ಬಂದೆ. ಇಲ್ಲಿಂದ ಮಾತ್ರ..." ಅವನು ಉಸಿರು ಹಿಡಿದುಕೊಂಡ. "ಕೆಳಗೆ ಮನೆ ಕಾಯಿಸೋ ಒಲೆ ಹತ್ರ ಇಟ್ಟು ಕರಗಿಸಿ ಚಾರ್ಜ್ ಮಾಡೋಣ ಅಂತ. ಇನ್ನೊಂದು ಅಲ್ಲೇ ಇದೆ. ಅದೂ ಹೀಗೇ."

"ಹೆಪ್ಪುಗಟ್ಟಿದ್ದಕ್ಕೆ ಕರೆಂಟ್ ಕೊಟ್ರೆ ಮುಖಕ್ಕೆ ಸಿಡಿಯುತ್ತೆ ಅಂತ ಹೇಳಿದ್ದು ಯಾರು?"

ಅವನು ಗೋಡೆಗೆ ಒರಗಿದ. ಬಲಗೈ ಎಡ ಕಂಕುಳಲ್ಲಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಡೆಲ್ಫೀನ್ ಅಡುಗೆಮನೆಯ ಕಪಾಟಿನಿಂದ ಔಷಧದ ಸ್ಪ್ರೇ ತಂದು ಅವನ ನಾಲಿಗೆಯ ಕೆಳಗೆ ಹೊಡೆದಳು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ಇದ್ದ ಒಂದೇ ಒಂದು ಗಾಡಿ ಹೆದ್ದಾರಿಯ ಅಪಘಾತಕ್ಕೆ ಹೋಗಿದೆ, ಇನ್ನೊಂದು ಊರಿನಿಂದ ಬರಬೇಕು, ಮುಕ್ಕಾಲು ಗಂಟೆಯಾದರೂ ಬೇಕು ಎಂದರು. ಅಷ್ಟರಲ್ಲಿ ಅವಳೇ ಯಾರ್ಕ್‌ಟನ್ ಆಸ್ಪತ್ರೆ ಮುಟ್ಟಬಹುದಿತ್ತು. ಗರಾಜಿಗೆ ಓಡಿ ಕಾರಿನ ಕೀಲಿ ತಿರುಗಿಸಿದಳು. ಕಾರು ಟಕ್ ಎಂದು ಒಂದೇ ಒಂದು ಸದ್ದು ಮಾಡಿ ಸುಮ್ಮನಾಯಿತು. ಅದರ ಹೀಟರೂ ಆ ಸತ್ತ ಲೈನಿನಲ್ಲೇ ಇತ್ತಲ್ಲ.

ಹೊರಗೆ ಬಸ್ಸು ಗುಡುಗುಡು ಎನ್ನುತ್ತ ನಿಂತಿತ್ತು.

"ಏಳು. ನನ್ ಹೆಗಲ ಮೇಲೆ ಕೈ ಹಾಕು."

"ಎಲ್ಲಿಗೆ?"

"ಬಸ್ಸಿಗೆ."

"ತಲೆ ಕೆಟ್ಟಿದ್ಯಾ? ಸ್ಪ್ರೇ ಹೊಡೆದ್ಯಲ್ಲ, ಕಮ್ಮಿ ಆಗ್ತಿದೆ."

"ಏಳ್ತೀಯೋ, ಆ ಬ್ಯಾಟರಿ ಥರ ಎಳ್ಕೊಂಡ್ ಹೋಗ್ಲೋ?"

ಮೊದಲ ಸಾಲಿನ ಸೀಟಿನಲ್ಲಿ ಅವನನ್ನು ಅಡ್ಡ ಕೂರಿಸಿದಳು. ಎಂಟು ವರ್ಷದ ಮಕ್ಕಳಿಗೆಂದು ಮಾಡಿದ ಜಾಗ, ಅವನ ಮೊಣಕಾಲು ಎದುರಿನ ಕಂಬಿಗೆ ತಾಗುತ್ತಿತ್ತು. ಬಸ್ಸು ಊರು ದಾಟಿ ಹೆದ್ದಾರಿ ಹಿಡಿಯಿತು. ಗಾಳಿ ಹಿಮವನ್ನು ರಸ್ತೆಯ ಮೇಲೆ ಹಾವಿನ ಹಾಗೆ ಹರಿದಾಡಿಸುತ್ತಿತ್ತು. ಡೆಲ್ಫೀನ್ ರೇಡಿಯೋ ಕೈಗೆತ್ತಿಕೊಂಡಳು.

"ಬರ್ನಡೆಟ್, ಕೇಳಿಸ್ತಿದ್ಯಾ? ನಾನು ಬಸ್ಸಲ್ಲಿ ಮೈರನ್‌ನ ಕರ್ಕೊಂಡು ಆಸ್ಪತ್ರೆಗೆ ಹೋಗ್ತಿದೀನಿ. ಎದೆನೋವು. ನಿಯಮದ ಪುಸ್ತಕ ಆಮೇಲೆ ಓದು."

ಒಂದು ಕ್ಷಣ ಬರೀ ಕರಕರ ಸದ್ದು. ಆಮೇಲೆ ಬರ್ನಡೆಟ್ ಹೇಳಿದಳು, "ಓಡ್ಸು. ಆಸ್ಪತ್ರೆಗೆ ನಾನ್ ಹೇಳ್ತೀನಿ. ದಾರೀಲಿ ಆಂಬುಲೆನ್ಸ್ ಎದುರಾದ್ರೂ ತಿಳಿಸ್ತೀನಿ."

ಸ್ವಲ್ಪ ದೂರ ಹೋದ ಮೇಲೆ ಮೈರನ್ ಮಾತಾಡಿದ. ದನಿ ಸಣ್ಣದಾಗಿತ್ತು. "ಡೆಲ್ಫಿ, ತಿರುಗ್ಸು."

"ಇಲ್ಲ."

"ನೋವು ಇಳೀತಿದೆ. ನಿಜವಾಗ್ಲೂ. ಇವತ್ತು ಅಲ್ಲಿಗೆ ಹೋದ್ರೆ ಬರ್ಕೊಳ್ತಾರೆ. ಬರ್ಕೊಂಡ್ರೆ ಮುಗೀತು. ಆರು ತಿಂಗಳು ಮತ್ತೆ ಮೊದಲಿಂದ. ಇನ್ನೊಂದೇ ತಿಂಗಳು ಉಳಿದಿರೋದು ಕಣೆ."

ಅವನು ಹೇಳಿದ್ದು ಸುಳ್ಳಲ್ಲ. ಸ್ಪ್ರೇಯಿಂದ ನೋವು ಇಳಿದಿದ್ದರೆ ಅದು ಬರೀ ಸ್ನಾಯು ಹಿಡಿದದ್ದೂ ಇರಬಹುದು. ತಿರುಗಿಸಿದರೆ ಬೆಳಿಗ್ಗೆ ಹೊತ್ತಿಗೆ ಇಬ್ಬರೂ ಇದನ್ನು ನೆನೆದು ನಗುತ್ತಿರಬಹುದು. ಮುಂದೆ ಒಂದು ಅಡ್ಡರಸ್ತೆ ಬಂತು. ಬಸ್ಸು ತಿರುಗಿಸಲು ಸಾಕಾಗುವಷ್ಟು ಅಗಲವಿತ್ತು. ಅವಳು ಅದನ್ನು ನೋಡಿದಳು, ಅವನೂ ನೋಡಿದ.

"ಇಲ್ಲಿ," ಎಂದ ಅವನು. "ಇಲ್ಲಿ ತಿರುಗ್ಸು. ನಿನ್ ಕಾಲಿಗೆ ಬೀಳ್ತೀನಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನ ಬಾಯಿಂದ ಅಂಥ ಮಾತು ಅವಳು ಕೇಳಿರಲಿಲ್ಲ. ಅಡ್ಡರಸ್ತೆ ಹಿಂದಕ್ಕೆ ಹೋಯಿತು.

"ನಿಂಗೆ ಆ ಸುಡುಗಾಡು ಮರಳು ಅಷ್ಟೊಂದು ಮುಖ್ಯಾನಾ?" ಅವಳು ಕಿರುಚಿದಳು. ಎಂಜಿನ್ ಸದ್ದಿನಲ್ಲಿ ಮೆತ್ತಗೆ ಮಾತಾಡಲು ಆಗುತ್ತಿರಲಿಲ್ಲ. "ನಾಲ್ಕು ಕುರ್ಚಿ, ಆ ಮಾರ್ವಿನ್‌ನ ಹಳೇ ಜೋಕು! ಅದಕ್ಕೋಸ್ಕರ ಸಾಯ್ತೀಯಾ?"

ಅವಳು ಮೇಲಿನ ದೊಡ್ಡ ಕನ್ನಡಿಯಲ್ಲಿ ನೋಡಿದಳು. ಮೈರನ್ ಕಿಟಕಿಗೆ ತಲೆಯೊರಗಿಸಿದ್ದ, ಕಣ್ಣು ತೆರೆದಿತ್ತು.

"ಅಪ್ಪ ಹೋಗಿದ್ದು ಫೆಬ್ರವರೀಲಿ," ಎಂದ. ಕೇಳಿಸಿತೋ ಇಲ್ಲವೋ ಎಂದು ಮತ್ತೆ ಸ್ವಲ್ಪ ಜೋರಾಗಿ ಹೇಳಿದ. "ನಮ್ ಮನೆ ಅಂಗಳದಲ್ಲೇ. ಹಿಮ ಎತ್ತಿ ಹಾಕ್ತಾ ಇದ್ರು. ನಾನು ಅಡುಗೆಮನೆ ಕಿಟಕೀಲಿ ನಿಂತು ನೋಡ್ತಿದ್ದೆ, ಬಗ್ಗಿ ಏನೋ ಹುಡುಕ್ತಿದಾರೆ ಅನ್ಕೊಂಡೆ. ಆಗ ಅವರಿಗೆ ಅರವತ್ನಾಲ್ಕು."

ಮೈರನ್‌ಗೆ ಈಗ ಅರವತ್ತನಾಲ್ಕು. ಮಾವ ಚಳಿಗಾಲದಲ್ಲಿ ತೀರಿಕೊಂಡರೆಂಬುದು ಡೆಲ್ಫೀನ್‌ಗೆ ಗೊತ್ತಿತ್ತು. ಅದು ಅವಳ ಮದುವೆಗಿಂತ ಹಿಂದಿನ ಮಾತು. ಕಿಟಕಿಯ ವಿಷಯ ಗೊತ್ತಿರಲಿಲ್ಲ. ಹನ್ನೊಂದು ಚಳಿಗಾಲ ಅವನ ಪಕ್ಕದಲ್ಲಿ ಕೂತು ದಕ್ಷಿಣಕ್ಕೆ ಹೋಗಿದ್ದಳು. ಬಿಸಿಲಿಗೆಂದೇ ಹೋಗುತ್ತಿದ್ದೇವೆ ಅಂದುಕೊಂಡಿದ್ದಳು.

"ಮೊದಲೇ ಹೇಳ್ಬಾರ್ದಾಗಿತ್ತಾ," ಎಂದಳು. ಕಣ್ಣು ಒರೆಸಿಕೊಂಡರೆ ರಸ್ತೆ ಕಾಣುವುದು ತಪ್ಪುತ್ತದೆಂದು ಒರೆಸಿಕೊಳ್ಳಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಶಾಲಾ ಬಸ್ಸೊಂದು ದೀಪ ಮಿನುಗಿಸುತ್ತ ಬಂದು ನಿಂತಾಗ, ಎದೆನೋವಿನವರು ಬರುತ್ತಾರೆಂದಷ್ಟೇ ತಿಳಿದು ಗಾಲಿಕುರ್ಚಿ ಹಿಡಿದು ಕಾಯುತ್ತಿದ್ದ ನರ್ಸು, "ಎಷ್ಟು ಮಕ್ಕಳು?" ಎಂದು ಗಾಬರಿಯಿಂದ ಕೇಳಿದಳು.

"ಒಂದೇ," ಎಂದಳು ಡೆಲ್ಫೀನ್. "ಹಟಮಾರಿ."

ಅದು ಸ್ನಾಯು ಹಿಡಿತವಾಗಿರಲಿಲ್ಲ. ಅವನನ್ನು ಅಂದೇ ರೆಜೈನಾದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬೆಳಿಗ್ಗೆ ಇನ್ನೊಂದು ನಾಳ ಮುಕ್ಕಾಲು ಮುಚ್ಚಿರುವುದು ಕಂಡು ಎರಡನೆಯ ಸ್ಟೆಂಟ್ ಹಾಕಿದರು. ಮನೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತೆಂದು ಡೆಲ್ಫೀನ್ ಡಾಕ್ಟರನ್ನು ಕೇಳಲಿಲ್ಲ. ಡಾಕ್ಟರ್ ತಾನಾಗಿಯೇ ಹೇಳಿದ, "ಭಾರ ಎತ್ತಿದ್ದೇ ಒಳ್ಳೇದಾಯ್ತು ಅನ್ನಿ. ಇಲ್ದಿದ್ರೆ ಇದು ಸದ್ದಿಲ್ದೆ ಕಾಯ್ತಾ ಇರ್ತಿತ್ತು."

ಮೈರನ್‌ಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಅವನು ಮನೆಗೆ ಬಂದವನು ಗೋಡೆಯ ಕಡೆ ತಿರುಗಿ ಮಲಗಿದ. ಊಟ ಹಾಕಿದರೆ ಉಣ್ಣುವನು, ಮಾತ್ರೆ ಕೊಟ್ಟರೆ ನುಂಗುವನು, ಕೇಳಿದ್ದಕ್ಕೆ ಹ್ಞಾ ಹ್ಞೂ ಅಷ್ಟೆ. ಬದುಕಿದ್ದಕ್ಕೆ ಸಿಟ್ಟೋ, ಮಾರ್ಚ್ ಹೋಯಿತೆಂಬ ಸಿಟ್ಟೋ, ಬಸ್ಸಿನಲ್ಲಿ ಬಾಯಿಬಿಟ್ಟದ್ದಕ್ಕೆ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. ನೆಲಮಾಳಿಗೆಯಲ್ಲಿ ಬ್ಯಾಟರಿ ಕರಗಿ, ಸೀಳಿನಿಂದ ಆಮ್ಲ ಸೋರಿ ಮೆಟ್ಟಿಲ ಬುಡದ ಸಿಮೆಂಟನ್ನು ತಿಂದಿತ್ತು. ಅವಳು ರಬ್ಬರ್ ಕೈಗವಸು ಹಾಕಿಕೊಂಡು ಅಡುಗೆ ಸೋಡಾ ಸುರಿದಳು. ಬುಸ್ಸೆಂದು ನೊರೆಯೆದ್ದಿತು. ತೊಳೆದು ತೊಳೆದು ಸೊಂಟ ನೋವು ಬಂದರೂ ಕಲೆ ಹೋಗಲಿಲ್ಲ. ಎರಡೂ ಬ್ಯಾಟರಿಗಳನ್ನು ಹೊತ್ತು ಹಾಕಿ ಗುಜರಿಯವನ ಹತ್ತಿರ ಬಿಟ್ಟುಬಂದಳು.

ಬಸ್ಸಿನ ಕಚೇರಿಯಲ್ಲಿ ಅವಳನ್ನು ಕರೆಸಿ ಗದರಿದರು. ಗದರುವ ಕೆಲಸ ಬರ್ನಡೆಟ್‌ಗೇ ಬಿದ್ದಿತ್ತು.

"ಇನ್ನೊಂದ್ಸಲ ಶಾಲೆಗೆ ಸೇರದವರನ್ನ ಬಸ್ಸಿಗೆ ಹತ್ತಿಸ್ಬಾರ್ದು," ಎಂದಳು ಅವಳು, ಮೇಲಿನವರಿಗೆ ಕೇಳಿಸುವಂತೆ. ಆಮೇಲೆ ದನಿ ತಗ್ಗಿಸಿ, "ಹೇಗಿದಾನೆ ನಮ್ ಹೊಸ ವಿದ್ಯಾರ್ಥಿ?" ಎಂದಳು.

"ಮಾತಾಡಲ್ಲ."

"ಸೀಟು ಇಕ್ಕಟ್ಟಾಯ್ತು ಅಂತಿರ್ಬೇಕು."

ಫೆಬ್ರವರಿ ಕಳೆಯಿತು. ಕೊನೆಯ ದಿನ ಸಂಜೆ ಡೆಲ್ಫೀನ್ ಬಂದಾಗ ಮೈರನ್ ಹಾಸಿಗೆಯಲ್ಲಿರಲಿಲ್ಲ. ಅವಳು ಬೂಟು ಬಿಚ್ಚದೆಯೇ ಹುಡುಕಿದಳು. ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಾನೆ, ಅಂಗಳ ನೋಡುತ್ತ. ಅವಳು ಪಕ್ಕದಲ್ಲಿ ಹೋಗಿ ನಿಂತಳು.

"ಮುಗೀತು," ಎಂದ ಅವನು.

"ಏನು?"

"ಫೆಬ್ರವರಿ." ಕಿಟಕಿಯಿಂದ ಮುಖ ತಿರುಗಿಸಿ, "ಹಸಿವಾಗ್ತಿದೆ. ಏನಾದ್ರೂ ಮಾಡ್ತೀಯಾ, ಇಲ್ಲ ಬಸ್ಸು ಓಡ್ಸಿ ಸುಸ್ತಾಗಿದೀಯಾ?"

"ಸುಸ್ತಾಗಿದೆ."

"ಹಾಗಾದ್ರೆ ನಾನೇ ಮೊಟ್ಟೆ ಬೇಯಿಸ್ತೀನಿ." ಬೇಯಿಸಿದ. ಒಂದು ಸೀದುಹೋಯಿತು, ಅದನ್ನೂ ತಿಂದರು. ಬಸ್ಸಿನ ವಿಷಯ ಅವನು ಆವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಮಲಗುವ ಮುಂಚೆ ಅವಳ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದ, ಅಷ್ಟೆ.

ಏಪ್ರಿಲ್‌ನಲ್ಲಿ ಪ್ರೋಕೋಪ್‌ಗಳು ಬಿಸಿಲಿಗೆ ಕಂದುಬಣ್ಣಕ್ಕೆ ತಿರುಗಿ ವಾಪಸು ಬಂದರು. ಮಾರ್ವಿನ್ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟು, ಕೂತ ತಕ್ಷಣ ಶುರುಮಾಡಿದ. "ನಾನ್ ಅವತ್ತೇ ಹೇಳ್ಳಿಲ್ವಾ? ಬಿಚ್ಚಿ ಒಳಗಿಡು ಅಂತ."

"ಹೇಳ್ದೆ," ಎಂದ ಮೈರನ್. "ಕೇಳ್ಳಿಲ್ಲ. ಎರಡು ಬ್ಯಾಟರಿ ಹೋಯ್ತು, ಒಂದು ಮೈರನ್ ಉಳೀತು. ಕಾಫಿ ಕುಡಿ."

ಈಸ್ಟರ್ ರಜೆಯಲ್ಲಿ ಡೆಲ್ಫೀನ್ ಹೊಸ ಬ್ಯಾಟರಿಗಳನ್ನು ತಂದಳು. ಅವನನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ, ತಾನೇ ಒಂದೊಂದಾಗಿ ಎತ್ತಿ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿಟ್ಟಳು.

"ಕೆಂಪು ವೈರು ಮೊದ್ಲು," ಎಂದ ಅವನು.

"ಗೊತ್ತು."

"ಕಪ್ಪು ಕೊನೇಲಿ."

"ಗೊತ್ತು ಅಂದ್ನಲ್ಲ!"

ಕಪ್ಪು ವೈರು ಮುಟ್ಟಿದೊಡನೆ ಬಾಗಿಲ ಮೆಟ್ಟಿಲು ಕಿರ್ರೆಂದು ತಾನಾಗಿ ಹೊರಗೆ ಚಾಚಿಕೊಂಡಿತು. ಇಬ್ಬರೂ ಅದನ್ನೇ ನೋಡಿದರು. ಮೈರನ್ ಎದ್ದು, ಯಾರೋ ಕರೆದಂತೆ ಹತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಡ್ರೈವರ್ ಸೀಟು ಅವಳಿಗೆ ಬಿಟ್ಟ.

"ಎಲ್ಲಿಗೆ?" ಎಂದಳು ಅವಳು.

"ಎಲ್ಲಿಗಾದ್ರೂ. ದಕ್ಷಿಣ ಬೇಡ."

ಕೊಳವೆಗಳಲ್ಲಿ ಇನ್ನೂ ಗುಲಾಬಿ ದ್ರವವೇ ಇತ್ತು, ನೀರು ತುಂಬಿಸಿರಲಿಲ್ಲ, ಹಾಸಿಗೆಗೆ ಹೊದಿಕೆಯಿರಲಿಲ್ಲ. ಹಾಗೇ ಹೊರಟರು. ಕರಗುವ ಹಿಮದ ಕೆಸರು ಗಾಡಿಯ ಪಕ್ಕೆಗಳಿಗೆಲ್ಲ ಸಿಡಿಯಿತು. ಗುಡ್ ಸ್ಪಿರಿಟ್ ಕೆರೆಯ ದಡ ತಲುಪಿದಾಗ ಅಲ್ಲಿ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಕೆರೆ ಇನ್ನೂ ಮಂಜುಗಡ್ಡೆಯಾಗಿಯೇ ಇತ್ತು, ಅಂಚಿನಲ್ಲಿ ಮಾತ್ರ ಕರಗಿ ಕಪ್ಪಾಗಿತ್ತು. ಬ್ರೆಡ್ಡಿನ ನಡುವೆ ಹಂದಿಮಾಂಸ ಇಟ್ಟುಕೊಂಡು ತಿಂದರು. ಮೈರನ್ ಕೂತಲ್ಲೇ ಕಣ್ಣು ಮುಚ್ಚಿದ. ಎಷ್ಟೋ ತಿಂಗಳ ಮೇಲೆ ಹಗಲು ಹೊತ್ತು ನಿದ್ದೆ ಹೋದ, ಬಾಯಿ ತೆರೆದುಕೊಂಡು.

ಡೆಲ್ಫೀನ್ ಸ್ವಲ್ಪ ಹೊತ್ತು ಅವನ ಎದೆ ಏರಿಳಿಯುವುದನ್ನು ನೋಡಿದಳು. ಅವಳಿಗೆ ಕೂರಲಾಗಲಿಲ್ಲ. ಇಳಿದು ದಡದುದ್ದಕ್ಕೂ ನಡೆದಳು. ಮಂಜುಗಡ್ಡೆ ಒಳಗೊಳಗೇ ನರಳುತ್ತಿತ್ತು, ಆಗೊಮ್ಮೆ ಈಗೊಮ್ಮೆ ದೂರದಲ್ಲಿ ಬಂದೂಕು ಹೊಡೆದಂತೆ ಸಿಡಿಯುತ್ತಿತ್ತು. ಬಾತುಗಳು ಸಾಲುಸಾಲಾಗಿ ಉತ್ತರಕ್ಕೆ ಹಾರುತ್ತಿದ್ದವು. ಅವಳು ಅವು ಕಾಣದಾಗುವವರೆಗೂ ಕತ್ತೆತ್ತಿ ನೋಡಿದಳು, ಆಮೇಲೆ ಬೂಟಿನ ಕೆಸರನ್ನು ಕಲ್ಲಿಗೆ ಉಜ್ಜಿ ಗಾಡಿ ಹತ್ತಿದಳು.

ಮೈರನ್ ಒಂದು ಕಣ್ಣು ತೆರೆದ. "ಹೊರಡೋಣ್ವಾ?"

"ಮನೆಗಾ?"

ಅವನು ಮುಂದಿನ ಗಾಜಿನಿಂದಾಚೆ ನೋಡಿದ. ಅಲ್ಲಿ ರಸ್ತೆ ಕೆರೆಯನ್ನು ಬಳಸಿಕೊಂಡು ಪೈನ್ ಮರಗಳೊಳಗೆ ಹೋಗುತ್ತಿತ್ತು. "ಅದು ಎಲ್ಲಿಗೆ ಹೋಗುತ್ತೆ?"

"ಗೊತ್ತಿಲ್ಲ."

"ಹಾಗಾದ್ರೆ ಮೊದ್ಲು ಅಲ್ಲಿಗೆ," ಎಂದು ಅವನು ಸೀಟಿನ ಪಟ್ಟಿ ಎಳೆದುಕೊಂಡ. ಅವಳು ಕೀಲಿ ತಿರುಗಿಸಿದಳು.